ರಚನೆ ಬೇರೆಯಿರುವ ಎರಡು ಡೇಟಾಬೇಸ್‌ಗಳನ್ನು ಒಂದಾಗಿಸುವ ಕ್ರಮ

ಮೊದಲು ಎರಡೂ ಡೇಟಾಬೇಸ್‌ಗಳ ಬ್ಯಾಕಪ್ ತೆಗೆದು, ಅದರಿಂದ ಡೇಟಾ ನಿಜವಾಗಿಯೂ ಮರಳಿ ಬರುತ್ತದೆಯೇ ಎಂದು ಒಮ್ಮೆ ರಿಸ್ಟೋರ್ ಮಾಡಿ ನೋಡಬೇಕು. ಆ ಕೂಡಲೇ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಬರೆಯಲು ಕೂರದೆ, ಹಳೆಯ ಪ್ರತಿಯೊಂದು ಕಾಲಂ ಹೊಸ ರಚನೆಯ ಯಾವ ಕಾಲಂಗೆ, ಯಾವ ಬದಲಾವಣೆಯೊಂದಿಗೆ ಸೇರುತ್ತದೆ ಎಂಬುದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆದುಕೊಳ್ಳಬೇಕು. ಹೆಸರು ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ನಂಬುವಂತಿಲ್ಲ: ‘ಸ್ಟೇಟಸ್’ ಕಾಲಂನಲ್ಲಿ 1 ಎಂದರೆ ಒಂದು ಕಡೆ ಚಾಲ್ತಿ ಖಾತೆ, ಇನ್ನೊಂದು ಕಡೆ ರದ್ದಾದ ಖಾತೆ ಎಂದಿರಬಹುದು. ಇಂಥ ಗುಟ್ಟುಗಳು ಬರವಣಿಗೆಯಲ್ಲಿ ಸಿಗುವುದು ಅಪರೂಪವಾದ್ದರಿಂದ, ಆ ಡೇಟಾವನ್ನು ದಿನವೂ ಬಳಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪಟ್ಟಿ ಮಾಡುವುದು ಲೇಸು.

ಬಳಿಕ ಎರಡೂ ಕಡೆಯ ಟೇಬಲ್‌ಗಳನ್ನು ಇದ್ದಂತೆಯೇ ಸ್ಟೇಜಿಂಗ್ ಟೇಬಲ್‌ಗಳಿಗೆ, ಅಂದರೆ ತಿದ್ದುವುದಕ್ಕೆಂದೇ ಇಡುವ ತಾತ್ಕಾಲಿಕ ಟೇಬಲ್‌ಗಳಿಗೆ ತಂದುಕೊಂಡು, ತಿದ್ದುವ ಕೆಲಸವನ್ನೆಲ್ಲ ಅಲ್ಲಿಯೇ ಮಾಡಬೇಕು. ಪಠ್ಯವಾಗಿ ಉಳಿಸಿದ 03/04/2021 ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. 12ಕ್ಕಿಂತ ದೊಡ್ಡ ಸಂಖ್ಯೆ ಯಾವ ಜಾಗದಲ್ಲಿ ಬರುತ್ತದೆ ಎಂದು ಇಡೀ ಕಾಲಂ ಹುಡುಕಿದರೆ ಸಾಮಾನ್ಯವಾಗಿ ಸುಳಿವು ಸಿಗುತ್ತದೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಅಕ್ಷರಗಳನ್ನು ಉಳಿಸುವ ಹಳೆಯ ವಿಧಾನವಾದ ಯುಟಿಎಫ್8 ಒಂದು ಅಕ್ಷರ ಸಂಕೇತಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡ ಅದರಲ್ಲಿ ಹಿಡಿಯುವುದರಿಂದ ಕೊರತೆ ಕಣ್ಣಿಗೆ ಬೀಳದು, ಆದರೆ ಎಮೋಜಿಗೆ 4 ಬೈಟ್ ಬೇಕು. ಹೊಸ ಟೇಬಲ್‌ಗಳು 4 ಬೈಟ್ ಕೊಡುವ ಯುಟಿಎಫ್8ಎಂಬಿ4ನಲ್ಲೇ ಇರಲಿ.

ಹೆಚ್ಚಿನವರು ಎಡವುವುದು ಐಡಿಗಳಲ್ಲಿ. ಎರಡೂ ಕಡೆ 57ನೇ ಗ್ರಾಹಕರಿದ್ದು, ಇಬ್ಬರೂ ಬೇರೆ ಬೇರೆ ವ್ಯಕ್ತಿಗಳಾಗಿರುತ್ತಾರೆ. ಒಂದು ಕಡೆಯ ಐಡಿಗಳಿಗೆಲ್ಲ 1,00,000 ಕೂಡಿಸುವ ಉಪಾಯ, ಇನ್ನೊಂದು ಕಡೆಯ ಐಡಿಗಳು ಅದಕ್ಕಿಂತ ಚಿಕ್ಕವಾಗಿದ್ದರೆ, ಈ ಘರ್ಷಣೆಯನ್ನು ತಪ್ಪಿಸುತ್ತದೆಯಾದರೂ, ಒಬ್ಬರೇ ಗ್ರಾಹಕರು ಎರಡೂ ಕಡೆ ಇದ್ದರೆ ಅವರನ್ನು ಇಬ್ಬರನ್ನಾಗಿಯೇ ಉಳಿಸುತ್ತದೆ. ಅದಕ್ಕಿಂತ ಮೂಲ, ಹಳೆಯ ಐಡಿ, ಹೊಸ ಐಡಿ ಎಂಬ ಮೂರು ಕಾಲಂಗಳ ಮ್ಯಾಪ್ ಟೇಬಲ್ ಒಳ್ಳೆಯದು: ಮೊದಲನೆಯದರ 57 ಮತ್ತು ಎರಡನೆಯದರ 312 ಒಬ್ಬರೇ ಎಂದು ಖಚಿತವಾದರೆ ಎರಡು ಸಾಲಿಗೂ ಒಂದೇ ಹೊಸ ಐಡಿ ಕೊಟ್ಟರಾಯಿತು. ಫಾರಿನ್ ಕೀ (ಆರ್ಡರ್‌ನಿಂದ ಅದರ ಗ್ರಾಹಕರಿಗಿರುವ ಕೊಂಡಿ) ಮುರಿಯದಂತೆ ಗ್ರಾಹಕರನ್ನು ಮೊದಲು ಸೇರಿಸಿ, ಆರ್ಡರ್‌ಗಳನ್ನು ಈ ಮ್ಯಾಪ್‌ನೊಂದಿಗೆ ಜಾಯಿನ್ ಮಾಡಿ (ಐಡಿ ಹಿಡಿದು ಜೋಡಿಸಿ) ಆಮೇಲೆ ಸೇರಿಸಬೇಕು. ಜೋಡಿ ಸಿಕ್ಕ ಸಾಲುಗಳನ್ನಷ್ಟೇ ಕೊಡುವ ಇನ್ನರ್ ಜಾಯಿನ್ ಬಳಸಿದರೆ ಜೋಡಿ ಸಿಗದ ಸಾಲುಗಳು ಸದ್ದಿಲ್ಲದೆ ಮಾಯವಾಗುತ್ತವೆ. ಆರ್ಡರ್‌ಗಳ ಎಲ್ಲ ಸಾಲುಗಳನ್ನೂ ಉಳಿಸುವ ಲೆಫ್ಟ್ ಜಾಯಿನ್ ಹಾಕಿ, ಹೊಸ ಐಡಿ ನಲ್ (ಖಾಲಿ) ಬಂದ ಸಾಲುಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಸೇರಿಸುವ ಹಂತವನ್ನು ಬೇಡವಾದರೆ ಪೂರ್ತಿ ಹಿಂದೆಗೆಯಬಹುದಾದ ಟ್ರಾನ್ಸಾಕ್ಷನ್‌ನೊಳಗೆ ನಡೆಸಿ, ಕಮಿಟ್‌ಗೆ (ಬದಲಾವಣೆ ಕಾಯಂಗೊಳಿಸುವುದಕ್ಕೆ) ಮುನ್ನ ಸಾಲುಗಳ ಎಣಿಕೆಯನ್ನೂ ಮೊತ್ತದ ಕಾಲಂಗಳ ಒಟ್ಟನ್ನೂ ಹಳೆಯದರೊಂದಿಗೆ ತಾಳೆ ನೋಡಬೇಕು. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಐಡಿಗಳನ್ನು ನೀವೇ ಕೊಟ್ಟು ಸೇರಿಸಿದಾಗ, ಮುಂದಿನ ಐಡಿ ಕೊಡುವ ಎಣಿಕೆಯಾದ ಸೀಕ್ವೆನ್ಸ್ ತಾನಾಗಿ ಮುಂದೆ ಹೋಗುವುದಿಲ್ಲ. ಅದನ್ನು ಅತಿ ದೊಡ್ಡ ಐಡಿಗೆ ಹೊಂದಿಸದಿದ್ದರೆ ಮುಂದೆ ಸೇರಿಸುವ ಹೊಸ ಗ್ರಾಹಕರ ದಾಖಲೆಗೆ ಆ ಐಡಿ ಆಗಲೇ ಇದೆ ಎಂಬ ಡೂಪ್ಲಿಕೇಟ್ ಕೀ ದೋಷ ಎದುರಾಗಬಹುದು. ಮ್ಯಾಪ್ ಟೇಬಲನ್ನು ಅಳಿಸಬೇಡಿ, ಹಳೆಯ ರಸೀದಿಯ ಸಂಖ್ಯೆ ಹಿಡಿದು ಕೇಳುವವರು ವರ್ಷಗಳ ನಂತರವೂ ಬರುತ್ತಾರೆ.