ನನ್ನ ಸ್ವಿಫ್ಟ್‌ಗೆ ಬ್ರೇಸ್ ಬಾರ್: ಯಾವುದು ಹಾಕಿದೆ, ಯಾವುದು ಬೇಡ ಅಂದೆ

ಬ್ರೇಸ್ ಬಾರ್ ಅಂದ್ರೆ ಬಾಡಿ ಬಗ್ಗದಂಗೆ ಎರಡು ಕಡೆ ಸೇರಿಸಿ ಬಿಗಿಯೋ ಪೈಪು, ಬಾನೆಟ್ ಕೆಳಗೆ ಎಡ ಬಲ ಸಸ್ಪೆನ್ಷನ್ ಮೇಲ್ತುದಿಗಳನ್ನ ಸೇರಿಸೋದೇ ಸ್ಟ್ರಟ್ ಬಾರ್. ಸ್ಟ್ರಟ್ ಬಾರ್ ಹಾಕಿಸಿದ್ರೆ ಕಾರ್ ಗಟ್ಟಿ ಆಗುತ್ತೆ, ಗಟ್ಟಿ ಆದ್ಮೇಲೆ ಆಕ್ಸಿಡೆಂಟಲ್ಲೂ ಸೇಫೇ ಅಲ್ವಾ ಅಂತ ನಮ್ಮ ಗ್ಯಾಂಗಲ್ಲಿ ಅರ್ಧ ಜನ ಕೇಳ್ತಾರೆ, ಇನ್ನರ್ಧ ಜನ ಅದೇ ಬಾರ್ ತೋರಿಸಿ ಕ್ರಂಪಲ್ ಝೋನ್ (ಗುದ್ದಿದಾಗ ಮಡಚಿ ಏಟು ತಗೊಳ್ಳೋ ಭಾಗ) ಹೋಯ್ತು ಬಿಡು ಅಂತ ಹೆದರಿಸ್ತಾರೆ. ನಾನು ಈ ಜಗಳಕ್ಕೆ ಹೋಗ್ದೆ ಒಂದೊಂದೇ ಬಾರ್ ತಗೊಂಡು ಇದು ಎಲ್ಲಿ ಕೂರುತ್ತೆ, ಯಾವ ದಿಕ್ಕಿಗೆ ಇದೆ, ಗುದ್ದಿದಾಗ ಇದರ ಮೇಲೆ ಏನು ಬಂದು ಬೀಳುತ್ತೆ ಅಂತ ನೋಡ್ಕೊಂಡು ಹೋದೆ. ಅದನ್ನೇ ಇಲ್ಲಿ ಬರೀತಿದೀನಿ.

ಕಾರು ಎರಡನೇ ಜನರೇಷನ್ ಸ್ವಿಫ್ಟ್ ಪೆಟ್ರೋಲ್, ಏರ್‌ಬ್ಯಾಗ್ ಇರೋ ಟಾಪ್ ವೇರಿಯಂಟ್. ಊರು ಮೂಡಿಗೆರೆ ಕಡೆ, ಹಾಗಾಗಿ ಚಾರ್ಮಾಡಿ ಘಾಟಿ ಓಡಾಟ ತಪ್ಪಿದ್ದಲ್ಲ. ತೊಂದ್ರೆ ಏನಪ್ಪಾ ಅಂದ್ರೆ ತಿರುವಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಮೂತಿ ಒಂದು ಕ್ಷಣ ಯೋಚ್ನೆ ಮಾಡಿ ಆಮೇಲೆ ತಿರುಗ್ತಿತ್ತು, ಹಂಪ್‌ನ ಓರೆಯಾಗಿ ಹತ್ತಿಸಿದ್ರೆ ಡ್ಯಾಶ್‌ಬೋರ್ಡು, ಹಿಂದಿನ ಡಿಕ್ಕಿ ಬಾಗಿಲು ಎರಡೂ ಕಿರ್ ಅಂತಿತ್ತು. ಈ ಕಾರಿನ ಬಾಡಿ ಬಗ್ಗೆ ನಂಗೆ ಭ್ರಮೆ ಏನೂ ಇರ್ಲಿಲ್ಲ, 2014ರಲ್ಲಿ ಕಾರುಗಳನ್ನ ಗುದ್ದಿಸಿ ಸ್ಟಾರ್ ಕೊಡೋ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನ 64 ಕಿಮೀ ಸ್ಪೀಡಲ್ಲಿ ಗುದ್ದಿಸಿದಾಗ ಸೊನ್ನೆ ಸ್ಟಾರ್ ಬಂದಿತ್ತು, ಬಾಡಿ ಶೆಲ್ಲೂ (ಕಾರಿನ ತಗಡಿನ ಗೂಡು) ಅನ್‌ಸ್ಟೇಬಲ್, ಇನ್ನೂ ಜಾಸ್ತಿ ಏಟು ತಡೆಯಲ್ಲ ಅಂದಿದ್ರು. ಏರ್‌ಬ್ಯಾಗ್ ಇದ್ರೆ ಡ್ರೈವರ್ ತಲೆಗೆ ಎದೆಗೆ ಸಹಾಯ ಆಗುತ್ತೆ, ಶೆಲ್ ಮಾತ್ರ ಅದೇ ಶೆಲ್ಲು. ಅದಕ್ಕೇ ಅದು ಇರೋದಕ್ಕಿಂತ ಕೆಟ್ಟದಾಗೋ ಕೆಲಸ ಒಂದೂ ಮಾಡಬಾರ್ದು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಎಲ್ಲರೂ ಎಡವೋದು ಒಂದೇ ಕಡೆ. ಬಗ್ಗದೇ ಇರೋದು ಬೇರೆ, ಮುರೀದೇ ಇರೋದು ಬೇರೆ. ಹಪ್ಪಳನೂ ಬಗ್ಗಲ್ಲ, ಹಂಗಂತ ಅದು ಗಟ್ಟಿನಾ? ಕಾರಿನ ಟಾರ್ಷನಲ್ ರಿಜಿಡಿಟಿ ಅಂತ ಹೇಳ್ತಾರಲ್ಲ, ಅದು ಹಿಂದಿನ ಭಾಗ ಹಿಡ್ಕೊಂಡು ಮುಂದಿನ ಭಾಗ ತಿರುಚಿದಾಗ ಒಂದು ಡಿಗ್ರಿ ತಿರುಚೋಕೆ ಎಷ್ಟು ನ್ಯೂಟನ್ ಮೀಟರ್ ಬೇಕು ಅನ್ನೋ ಲೆಕ್ಕ, ಈಗಿನ ಕಾರುಗಳಲ್ಲಿ ಅದು ಹತ್ತಾರು ಸಾವಿರದಲ್ಲಿರುತ್ತೆ. ಅದೆಲ್ಲ ಬಿಟ್ಟ ತಕ್ಷಣ ವಾಪಸ್ ಬರೋ ಸಣ್ಣ ಸಣ್ಣ ಬಗ್ಗುವಿಕೆ. ಕ್ರ್ಯಾಶಲ್ಲಿ ಆಗೋದು ತಗಡು ಮಡಚಿ ವಾಪಸ್ ಬರದೇ ಇರೋ ಕಥೆ. ಇನ್ನೊಂದು ವಿಷಯ ಕೇಳಿ, ಮಾಮೂಲಿ ಮೈಲ್ಡ್ ಸ್ಟೀಲ್ ಇರ್ಲಿ, ಕಂಪನಿಯವ್ರು ಜಂಬ ಕೊಚ್ಚೋ ಹೈ ಟೆನ್ಸೈಲ್ ಸ್ಟೀಲ್ ಇರ್ಲಿ, ಎರಡರದ್ದೂ ಎಲಾಸ್ಟಿಕ್ ಮಾಡ್ಯುಲಸ್ (ಬಗ್ಗೋಕೆ ಎಷ್ಟು ಹಠ ಮಾಡುತ್ತೆ ಅನ್ನೋ ಅಳತೆ) ಹೆಚ್ಚುಕಮ್ಮಿ ಒಂದೇ, 200 ಗಿಗಾಪಾಸ್ಕಲ್ ಆಸುಪಾಸು. ಅಂದ್ರೆ ಬಗ್ಗೋದರಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ, ಅಲ್ಲಿ ದಪ್ಪ ಮತ್ತೆ ಆಕಾರ ಲೆಕ್ಕಕ್ಕೆ ಬರುತ್ತೆ, ಶಾಶ್ವತವಾಗಿ ಮಡಚ್ಕೊಳ್ಳೋಕೆ ಶುರುವಾಗೋ ಹಂತದಲ್ಲಿ ಮಾತ್ರ ಹೈ ಟೆನ್ಸೈಲ್ ಗೆಲ್ಲುತ್ತೆ. ಹಾಗಾಗಿ ಪೀಣ್ಯದ ಫ್ಯಾಬ್ರಿಕೇಷನ್ ಶೆಡ್ಡಲ್ಲಿ ಮಾಡಿಸಿದ ಮಾಮೂಲಿ ಪೈಪ್ ಬಾರ್ ನಿಮ್ಮ ಸ್ಟೀರಿಂಗ್ ಫೀಲ್ ಸುಧಾರಿಸಬಹುದು, ಲಾರಿ ಬಂದು ಗುದ್ದಿದಾಗ ನಿಮ್ಮನ್ನ ಕಾಪಾಡೋ ತಾಕತ್ತು ಅದಕ್ಕಿಲ್ಲ.

ಇನ್ನು ಮುಂಭಾಗ ಜಾಸ್ತಿ ಗಟ್ಟಿ ಮಾಡಿದ್ರೆ ಏನಾಗುತ್ತೆ? ಗಂಟೆಗೆ 56 ಕಿಮೀ ಸ್ಪೀಡಲ್ಲಿ ಗೋಡೆಗೆ ಗುದ್ದಿ ಮೂತಿ 60 ಸೆಂಟಿಮೀಟರ್ ನಜ್ಜುಗುಜ್ಜಾಗಿ ನಿಂತ್ರೆ ಒಳಗಿನವರಿಗೆ ಸರಾಸರಿ 20 ಜಿ ಚಿಲ್ಲರೆ (ಒಂದು ಜಿ ಅಂದ್ರೆ ಭೂಮಿ ನಮ್ಮನ್ನ ಎಳೆಯೋವಷ್ಟು) ಬೀಳುತ್ತೆ, ಅದೇ ಮೂತಿ 50 ಸೆಂಟಿಮೀಟರಿಗೇ ನಿಂತುಬಿಟ್ರೆ 25 ಜಿ ಹತ್ರ ಹೋಗುತ್ತೆ, ಇದು ಸ್ಕೂಲ್ ಫಿಸಿಕ್ಸೇ, ಕೂತು ಲೆಕ್ಕ ಹಾಕಿ. ಮೂತಿ ಮಡಚಬೇಕು, ಕ್ಯಾಬಿನ್ ಮಡಚಬಾರ್ದು, 1959ರ ಮರ್ಸಿಡಿಸ್ ಡಬ್ಲ್ಯು 111ರಲ್ಲಿ ಬೇಲಾ ಬಾರೆನ್ಯಿ ತಂದಿದ್ದು ಇದೇ ಐಡಿಯಾ. ಜೊತೆಗೆ ಏರ್‌ಬ್ಯಾಗ್ ಇಸಿಯು (ಅದರ ಕಂಪ್ಯೂಟರ್) ಯಾವಾಗ ಬ್ಯಾಗ್ ಬಿಚ್ಚಬೇಕು ಅಂತ ತೀರ್ಮಾನ ಮಾಡೋದು ಈ ಮಡಚೋ ಲಯ ನೋಡಿ. ನಮ್ಮಲ್ಲಿ ಬಂಪರ್ ಮುಂದೆ ಹಾಕಿಸೋ ಕಬ್ಬಿಣದ ಬುಲ್ ಗಾರ್ಡ್ ಕಥೆ ಇದಕ್ಕೆ ಒಳ್ಳೆ ಉದಾಹರಣೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಇಲಾಖೆ ಅದನ್ನ ತೆಗೆಸಿ ಅಂತ ರಾಜ್ಯಗಳಿಗೆ ಬರೆದಿತ್ತು. ಬುಲ್ ಗಾರ್ಡ್ ಬೋಲ್ಟ್ ಮಾಡೋದು ನೇರವಾಗಿ ಚಾಸಿಸ್ ಲೆಗ್‌ಗೆ (ಮೂತಿಯ ಉದ್ದಕ್ಕೂ ಇರೋ ಮುಖ್ಯ ತೊಲೆ), ಮೊದಲು ಮಡಚಬೇಕಾದ ಜಾಗಕ್ಕೇ ಕಬ್ಬಿಣ ಕಟ್ಟಿದಂಗೆ ಆಗುತ್ತೆ, ನಡ್ಕೊಂಡು ಹೋಗೋರಿಗಂತೂ ಇನ್ನೂ ಕಷ್ಟ.

ಸರಿ, ದುಡ್ಡು ಸುರಿಯೋ ಮುಂಚೆ ಅಳೆದು ನೋಡೋಣ ಅಂತ ಕೂತೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದರೊಳಗೊಂದು ಜಾರೋ ಎರಡು ಅಲ್ಯುಮಿನಿಯಂ ಪೈಪ್ ತಂದು, ಒಂದರ ತುದಿ ಎಡ ಸ್ಟ್ರಟ್ ಟವರ್‌ಗೆ (ಸಸ್ಪೆನ್ಷನ್ ಮೇಲ್ತುದಿ ಬಾಡಿಗೆ ಕೂರೋ ಗೋಪುರ) ಇನ್ನೊಂದು ಬಲಕ್ಕೆ ಕ್ಲ್ಯಾಂಪ್ ಮಾಡಿ, ಜಾಯಿಂಟ್ ಹತ್ರ ಬಿಗಿಯಾಗಿ ಒಂದು ರಬ್ಬರ್ ರಿಂಗ್ ಹಾಕಿದೆ. ಟವರ್‌ಗಳು ಹತ್ರ ಬಂದ್ರೆ ರಿಂಗ್ ಜಾರುತ್ತೆ, ಬಂದಷ್ಟು ದೂರ ಅಲ್ಲೇ ಉಳಿಯುತ್ತೆ. ಘಾಟಿ ತಿರುವುಗಳಲ್ಲಿ ಹುರುಪಿಂದ ಓಡಿಸಿ ಬಂದು ಬಾನೆಟ್ ಎತ್ತಿ ನೋಡಿದ್ರೆ ಒಂದು ಮಿಲಿಮೀಟರೂ ಪೂರ್ತಿ ಜಾರಿಲ್ಲ. ಓರೆಯಾಗಿ ಹಂಪ್ ಹತ್ತಿಸಿದಾಗ ಸ್ವಲ್ಪ ಜಾಸ್ತಿ. ಮುಂದೆ ಅಡ್ಡಡ್ಡ ಬಗ್ಗೋದು ಅಂತ ಎಲ್ಲರೂ ಹೇಳೋವಷ್ಟು ಏನೂ ಇರ್ಲಿಲ್ಲ, ಟವರ್‌ಗಳು ಫೈರ್‌ವಾಲ್‌ಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ಗೋಡೆ) ಹತ್ರ ಇದ್ರೆ ಮುಂದಿನ ಗಾಜಿನ ಬುಡದಲ್ಲಿರೋ ಕೌಲ್ ಪ್ಯಾನೆಲ್ಲೇ ಅರ್ಧ ಸ್ಟ್ರಟ್ ಬಾರ್ ಕೆಲಸ ಮಾಡ್ತಿರುತ್ತೆ.

ಎರಡನೇ ಅಳತೆ ಇನ್ನೂ ಮಜವಾಗಿತ್ತು. ಸಮತಟ್ಟಾದ ಜಾಗದಲ್ಲಿ ಮುಂದಿನ ಒಂದು ಮೂಲೆ ಮಾತ್ರ ಜ್ಯಾಕ್ ಹಾಕಿ ಎತ್ತಿ, ಡಿಕ್ಕಿ ಬಾಗಿಲು ತೆಗೆದು ಅದರ ಚೌಕಟ್ಟಿನ ಕರ್ಣ ಎರಡೂ ಕಡೆ ಟೇಪಲ್ಲಿ ಅಳೆದೆ. ಎರಡು ಕರ್ಣದಲ್ಲಿ ಕಣ್ಣಿಗೆ ಕಾಣೋಷ್ಟು ವ್ಯತ್ಯಾಸ. ಹ್ಯಾಚ್‌ಬ್ಯಾಕ್ ಅಂದ್ರೆ ಹಿಂದೆ ದೊಡ್ಡ ತೂತು, ಕಾರು ತಿರುಚ್ಕೊಳ್ಳೋದು ಅಲ್ಲೇ. ಆ ಕಿರ್ ಸದ್ದೂ ಅಲ್ಲಿಂದಾನೇ.

ಈಗ ಸಂಕಟ ಶುರು. ಹಿಂದಿನ ಆ ತೂತಿಗೆ ಮದ್ದು ಅಂದ್ರೆ ಕ್ಯಾಬಿನ್ ಒಳಗೆ ಹಿಂದಿನ ಸೀಟಿನ ಬೆನ್ನಿಗೆ ಸಿ ಪಿಲ್ಲರ್‌ಗಳ (ಹಿಂದಿನ ಬಾಗಿಲ ಹಿಂದಿರೋ ಕಂಬಗಳು) ಮಧ್ಯೆ ಒಂದು ಬಾರ್. ನಾನು ಅಳೆದ ಪ್ರಕಾರ ನನ್ನ ಕಾರಿಗೆ ಹೆಚ್ಚು ಕೆಲಸ ಮಾಡಬೇಕಾದ ಬಾರ್ ಅದೇ, ಮತ್ತೆ ನಾನು ಖಡಾಖಂಡಿತ ಬೇಡ ಅಂದಿದ್ದೂ ಅದೇ. ಹಿಂದಿಂದ ಯಾರಾದ್ರೂ ಗುದ್ದಿದ್ರೆ ಹಿಂದಿನ ಸೀಟು ಬಗ್ಗಿ ಹಿಂದಕ್ಕೆ ಹೋಗುತ್ತೆ, ಅಲ್ಲಿ ಭುಜದ ಎತ್ತರಕ್ಕೆ ಕಬ್ಬಿಣದ ಪೈಪು ಕಾದಿರುತ್ತೆ, ಆ ಸೀಟಲ್ಲಿ ಕೂರೋದು ನಮ್ಮಮ್ಮ ಮತ್ತೆ ಮಗಳು. ಜೆ.ಸಿ. ರೋಡಲ್ಲಿ ಅಂಗಡಿಯವ್ರು "ಸಾರ್ ಇದಕ್ಕೆ ಫೋಮ್ ಸುತ್ತಿ ಕೊಡ್ತೀವಿ, ಏನೂ ಆಗಲ್ಲ" ಅಂದ್ರು. ನೀರಿನ ಪೈಪಿಗೆ ಸುತ್ತೋ ಮೆತ್ತನೆ ಫೋಮ್ ಅದು, ಬೆರಳಲ್ಲಿ ಒತ್ತಿದ್ರೆ ಪೈಪ್ ಸಿಗುತ್ತೆ. ಬೇಡ ಅಣ್ಣ ಅಂತ ಹೇಳಿ ಬಂದೆ. ಕಿರ್ ಸದ್ದು ಇರ್ಲಿ, ಡಿಕ್ಕಿ ಬಾಗಿಲಿನ ರಬ್ಬರ್ ಬಫರ್ ಅಡ್ಜಸ್ಟ್ ಮಾಡಿ, ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿದ್ಮೇಲೆ ಮುಕ್ಕಾಲು ಪಾಲು ಕಮ್ಮಿ ಆಯ್ತು.

ಕ್ಯಾಬಿನ್ ಒಳಗೆ ಕಟ್ಟೋ ಪೈಪಿನ ಪಂಜರ, ರೋಲ್ ಕೇಜ್ ಬಗ್ಗೆನೂ ಇದೇ ಮಾತು. ಅಂತರರಾಷ್ಟ್ರೀಯ ರೇಸಿಂಗ್ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಮೇನ್ ಹೂಪ್‌ಗೆ (ಸೀಟಿನ ಹಿಂದೆ ಬರೋ ಮುಖ್ಯ ಕಮಾನು) 45 ಮಿಮೀ ಪೈಪಾದ್ರೆ 2.5 ಮಿಮೀ ದಪ್ಪ, ಇಲ್ಲಾ 50 ಮಿಮೀಗೆ 2 ಮಿಮೀ ಅಂತ ಇದೆ, ಅದನ್ನ ಹೆಲ್ಮೆಟ್ ಹಾಕಿ ರೇಸ್ ಹಾರ್ನೆಸ್ ಕಟ್ಕೊಂಡು ಕೂರೋರಿಗೆ ಬರೆದಿರೋದು. ಮಾಮೂಲಿ ಸೀಟ್‌ಬೆಲ್ಟ್ ಹಾಕ್ಕೊಂಡು ಹೆಲ್ಮೆಟ್ ಇಲ್ದೆ ಆಫೀಸಿಗೆ ಹೋಗೋ ಕಾರಲ್ಲಿ ಅದೇ ಪೈಪ್ ನಿಮ್ಮ ತಲೆ ಪಕ್ಕ ಇರುತ್ತೆ.

ಫೆಂಡರ್ ಬಾರ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಂಡೆ. ಮುಂದಿನ ಫೆಂಡರ್ (ಚಕ್ರದ ಮೇಲಿನ ತಗಡು) ಬಿಚ್ಚಿ, ಬಾಗಿಲಿನ ಹಿಂಜ್ ಇರೋ ಪಿಲ್ಲರಿಂದ ಸ್ಟ್ರಟ್ ಟವರ್ ಕಡೆಗೆ ಉದ್ದುದ್ದ ಹಾಕೋ ಬಾರ್ ಅದು. ಹಾಕಿಸ್ಕೊಂಡ ಗೆಳೆಯನ ಕಾರ್ ಓಡಿಸಿ ನೋಡಿದೀನಿ, ಸ್ಟೀರಿಂಗ್ ನಿಜವಾಗ್ಲೂ ಚುರುಕಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಮೂಲೆಗೆ ಗುದ್ದಿದಾಗ ಬಲ ಹರಿಯೋದು ಆ ಬಾರ್ ಕೂರೋ ಕಡೆಯೇ ಇರೋ ಮೇಲಿನ ರೈಲ್ (ತೊಲೆ) ದಾರಿಯಲ್ಲಿ, ಹಿಂಜ್ ಪಿಲ್ಲರಿಗೆ. ಅಲ್ಲಿ ಕಂಪನಿ ಎಂಜಿನಿಯರ್ ಎಷ್ಟು ಮಡಚಬೇಕು ಅಂತ ಲೆಕ್ಕ ಹಾಕಿ ಬಿಟ್ಟಿರೋ ಜಾಗಕ್ಕೆ ನಾವೊಂದು ಊರುಗೋಲು ಕೊಟ್ರೆ ಆ ಬಲ ನೇರ ಬಾಗಿಲ ಚೌಕಟ್ಟಿಗೆ ಹೋಗಬಹುದು, ಮೊದಲೇ ಅನ್‌ಸ್ಟೇಬಲ್ ಅನ್ನಿಸ್ಕೊಂಡಿರೋ ಶೆಲ್ಲಿಗೆ. ಒಳ್ಳೇದೂ ಆಗಬಹುದು, ಕೆಟ್ಟದ್ದೂ ಆಗಬಹುದು, ಗುದ್ದಿಸಿ ನೋಡಿದವರು ಯಾರೂ ನಂಗೆ ಸಿಗ್ಲಿಲ್ಲ. ಹಾಗಾಗಿ ಬಿಟ್ಟೆ. ಮುಂದೆ ಕೆಳಗಡೆ ಸಬ್‌ಫ್ರೇಮಿಂದ (ಸಸ್ಪೆನ್ಷನ್ ಹಿಡಿದಿರೋ ಚೌಕಟ್ಟು) ಫ್ಲೋರ್‌ಗೆ ಹಾಕೋ ನಾಲ್ಕು ಪಾಯಿಂಟ್ ಬಾರ್‌ಗೂ ಇದೇ ಕಾರಣ, ಅದೂ ಉದ್ದುದ್ದ ಎಳೆಯುತ್ತೆ, ಜೊತೆಗೆ ಬೆಂಗಳೂರಿನ ಹಂಪ್‌ಗಳಿಗೆ ಕೆಳಗೆ ಇನ್ನೊಂದು ಪೈಪ್ ನೇತಾಕೋದು ಯಾರಿಗೆ ಬೇಕು.

ಸಿಲ್ (ಬಾಗಿಲ ಕೆಳಗಿನ ಟೊಳ್ಳು ತೊಲೆ) ಒಳಗೆ ಉಬ್ಬೋ ಪಿಯು ಫೋಮ್ ತುಂಬಿಸ್ತೀನಿ ಅಂದವರಿಗೆ ಒಂದೇ ಉತ್ತರ ಕೊಟ್ಟೆ, ನೀರು ಹೋಗೋ ತೂತು ಮುಚ್ಚುತ್ತೆ, ನಮ್ಮೂರ ಮಳೆಗೆ ಒಳಗಿಂದ ತುಕ್ಕು ಹಿಡಿಯುತ್ತೆ. ಎರಡು ಬಾಗಿಲ ಮಧ್ಯದ ಬಿ ಪಿಲ್ಲರ್ ಕೆಳಗೆ ಬೆಲ್ಟ್ ಸುತ್ಕೊಳ್ಳೋ ರಿಟ್ರ್ಯಾಕ್ಟರ್ ಬೇರೆ ಇರುತ್ತೆ, ಫೋಮ್ ಉಬ್ಬಿ ಅಲ್ಲಿಗೆ ಬಂದ್ರೆ ಬೆಲ್ಟೇ ಸಿಕ್ಕಾಕ್ಕೊಳ್ಳುತ್ತೆ. ತಗಡಿನ ಜೋಡಣೆ ಉದ್ದಕ್ಕೂ ಮಾಡೋ ಸೀಮ್ ವೆಲ್ಡಿಂಗೂ ಬೇಡ, ಹೈ ಟೆನ್ಸೈಲ್ ಸ್ಟೀಲಿಗೆ ಬೇಕಾಬಿಟ್ಟಿ ಕಾವು ಕೊಟ್ರೆ ವೆಲ್ಡ್ ಪಕ್ಕದ ಲೋಹ ಮೆತ್ತಗಾಗುತ್ತೆ.

ಕೊನೆಗೆ ಹಾಕಿದ್ದು ಒಂದೇ ಒಂದು, ಮುಂದಿನ ಮೇಲ್ಗಡೆ ಸ್ಟ್ರಟ್ ಬಾರ್, ಅಡ್ಡಡ್ಡ ಇರೋದು, ಇರೋ ಬೋಲ್ಟ್‌ಗಳಿಗೇ ಕೂರೋದು, ಡ್ರಿಲ್ಲಿಂಗ್ ಇಲ್ಲ. ಎರಡೂ ತುದಿಯಲ್ಲಿ ಹಿಂಜ್ ತರ ಬೋಲ್ಟ್ ಇರೋ ಬಾರ್ ತಗೊಂಡಿಲ್ಲ, ಅದು ಎಳೆತ ಒತ್ತಡ ಮಾತ್ರ ತಡೆಯುತ್ತೆ, ತಿರುಚೋದನ್ನ ತಡೆಯಲ್ಲ, ಹಾಗಾಗಿ ಪೂರ್ತಿ ಒಂದೇ ಪೀಸ್ ವೆಲ್ಡೆಡ್ ತಗೊಂಡೆ. ಇದೂ ಪೂರ್ತಿ ನಿರಪಾಯ ಅಂತಲ್ಲ. ಒಂದು ಕಡೆ ಗುದ್ದಿದ್ರೆ ಆ ಏಟು ಬಾರ್ ಮೂಲಕ ಇನ್ನೊಂದು ಟವರ್‌ಗೂ ಹೋಗಿ ರಿಪೇರಿ ಬಿಲ್ ಏರಬಹುದು. ಇನ್ನೊಂದು, ಬಾನೆಟ್ ಕೆಳಗೆ ಖಾಲಿ ಜಾಗ ಇರೋದು ಸುಮ್ನೆ ಅಲ್ಲ, ಪಾದಚಾರಿ ತಲೆ ಬಾನೆಟ್ ಮೇಲೆ ಬಿದ್ರೆ ತಗಡು ಒಳಕ್ಕೆ ಹೋಗೋಕೆ ಅದು ಬೇಕು. ಅದಕ್ಕೆ ಬಾರ್ ಮೇಲೆ ಅಲ್ಲಲ್ಲಿ ಚಪಾತಿ ಹಿಟ್ಟಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆದು, ಚಪ್ಪಟೆಯಾದ ಹಿಟ್ಟಿನ ದಪ್ಪ ಅಳೆದೆ. ಮೊದಲು ನೋಡಿದ ಬಾರಲ್ಲಿ ಹಿಟ್ಟು ಕಾಗದದಂಗೆ ಆಗಿತ್ತು, ಅದನ್ನ ಅಲ್ಲೇ ವಾಪಸ್ ಕೊಟ್ಟು ಕೌಲ್ ಕಡೆಗೆ ತಗ್ಗಿ ಕೂರೋ ಇನ್ನೊಂದು ಡಿಸೈನ್ ತಗೊಂಡೆ.

ಫಿಟ್ಟಿಂಗ್ ಮಾಡೋವಾಗ ನಾಲ್ಕೂ ಚಕ್ರ ನೆಲದ ಮೇಲೇ ಇರ್ಲಿ, ಜ್ಯಾಕ್ ಮೇಲೆ ಬಿಗಿ ಮಾಡಿದ್ರೆ ತಿರುಚಿದ ಸ್ಥಿತಿಯಲ್ಲೇ ಬಾಡಿನ ಲಾಕ್ ಮಾಡಿದಂಗೆ ಆಗುತ್ತೆ. ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಇಲ್ದೆ ಮುಟ್ಟಬೇಡಿ, ನಟ್ ಮೇಲೆ ಪೇಂಟ್ ಗೆರೆ ಎಳೆದಿಡಿ, ಸಡಿಲ ಆದ್ರೆ ಗೊತ್ತಾಗುತ್ತೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಫಲಿತಾಂಶ ಹೇಳ್ಬೇಕಂದ್ರೆ ಬಾರಿಂದ ಬಂದಿದ್ದು ಸಣ್ಣದು, ಓರೆ ಹಂಪಲ್ಲಿ ಮುಂದಿನ ಸದ್ದು ಕಮ್ಮಿ, ಸ್ಟೀರಿಂಗ್ ಮಧ್ಯದಲ್ಲಿ ಸ್ವಲ್ಪ ಬಿಗಿ ಫೀಲು, ಜೊತೆಗೆ ಎಂಜಿನ್ ನಡುಕ ಐಡ್ಲಿಂಗಲ್ಲಿ ಒಂಚೂರು ಜಾಸ್ತಿ. ಮೂತಿ ಯೋಚ್ನೆ ಮಾಡ್ತಿದ್ದ ಆ ಕಾಯಿಲೆ ಹೋಗಿದ್ದು ಲೋಯರ್ ಆರ್ಮ್ ಬುಷ್ (ಸಸ್ಪೆನ್ಷನ್ ತೋಳಿನ ರಬ್ಬರ್), ಹೊಸ ಶಾಕ್ ಅಬ್ಸಾರ್ಬರ್, ಒಳ್ಳೆ ಟೈರ್ ಹಾಕಿದ್ಮೇಲೆ, ಬ್ರೇಕಿಂಗೂ ಅದರಿಂದಾನೇ ಸುಧಾರಿಸ್ತು. ಸೇಫ್ಟಿಗೆ ದುಡ್ಡು ಇಡೋದಾದ್ರೆ ಟೈರಿಗೆ ಇಡಿ, ಬಾರ್‌ಗೆ ಉಳಿದದ್ದು.

ಕಾನೂನು ಕಡೆ ನೋಡಿದ್ರೆ, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಮತ್ತೆ 2019ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಂಪನಿ ಸ್ಪೆಸಿಫಿಕೇಷನ್ ಮೀರಿ ಗಾಡಿ ಬದಲಾಯಿಸೋ ಹಾಗಿಲ್ಲ. ಇನ್ಶೂರೆನ್ಸ್‌ನವರಿಗೆ ಬಾರ್ ವಿಷಯ ಮೇಲ್ ಮಾಡಿ ಹೇಳಿ, ಅವರ ಉತ್ತರನ ಪಾಲಿಸಿ ಜೊತೆ ಇಟ್ಕೊಂಡಿದೀನಿ. ಒರಿಜಿನಲ್ ನಟ್‌ಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿಟ್ಟಿದೀನಿ, ಬೇಡ ಅನ್ನಿಸಿದ ದಿನ ಬಿಚ್ಚಿ ಹಾಕೋಕೆ.