ಇಲಿಯ ಪಾದದ ಬಾವು: ಕ್ಯಾರಜೀನನ್ ಪ್ರಯೋಗ ನಾವು ಮಾಡುವ ಬಗೆ

ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಪುಡಿಯ ದ್ರಾವಣವನ್ನು ಇಲಿಯ ಪಾದಕ್ಕೆ ಚುಚ್ಚಿ ಬಾವು ಬರಿಸಿ, ಮದ್ದು ಅದನ್ನು ಎಷ್ಟು ತಗ್ಗಿಸುತ್ತದೆಂದು ನೋಡುವುದೇ ಈ ಪ್ರಯೋಗ. ಉರಿಯೂತ ತಗ್ಗಿಸುವ ಮದ್ದನ್ನು ಪರೀಕ್ಷಿಸಲು 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವನ್ನೇ ಇಂದಿಗೂ ಬಳಸುತ್ತೇವೆ. ಓದುವಾಗ ಸುಲಭ ಅನ್ನಿಸುತ್ತದೆ. ಅಂಕಿಗಳು ಚೆಲ್ಲಾಪಿಲ್ಲಿಯಾದಾಗ ನಾನು ಮೊದಲು ನೋಡುವುದು ಸೂಜಿ ಹಿಡಿದ ಕೈಯನ್ನು.

ಕ್ಯಾರಜೀನನ್ ಪುಡಿ ಲ್ಯಾಂಬ್ಡಾ ಬಗೆಯದೇ ಇರಲಿ. ಕಪ್ಪಾ ಬಗೆಯದು ಗಟ್ಟಿಕಟ್ಟಿ ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತದೆ. 10 ಮಿ.ಲೀ. ಸಲೈನ್ (ಉಪ್ಪುನೀರು) ಕಲಕುತ್ತಿರುವಾಗಲೇ 100 ಮಿ.ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತೇವೆ. ಒಮ್ಮೆಲೇ ಸುರಿದರೆ ರಾಗಿ ಹಿಟ್ಟಿನಂತೆ ಗಂಟುಗಂಟಾಗುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟು, ಬಳಸುವ ಮುಂಚೆ ಕೋಣೆಯ ಬಿಸುಪಿಗೆ ತರುತ್ತೇವೆ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆಯೇ ಇಲಿ ಮುಟ್ಟುವುದು. 150ರಿಂದ 200 ಗ್ರಾಂ ತೂಕದ, ಒಂದೇ ಲಿಂಗದ ವಿಸ್ಟರ್ ತಳಿಯ ಇಲಿಗಳು, ಗುಂಪಿಗೆ 6. ರಾತ್ರಿ ಆಹಾರವಿಲ್ಲ, ನೀರು ಮಾತ್ರ. ಒಂದು ಗುಂಪಿಗೆ ಮದ್ದಿಲ್ಲದ ಬರೀ 0.5% ಸಿಎಂಸಿ (ಮದ್ದು ಕಲಸುವ ದ್ರವ, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್), ಇನ್ನೊಂದಕ್ಕೆ ಉರಿಯೂತ ತಗ್ಗಿಸುತ್ತದೆಂದು ಈಗಾಗಲೇ ಗೊತ್ತಿರುವ ಇಂಡೊಮೆಥಸಿನ್ ಕೆ.ಜಿ.ಗೆ 10 ಮಿ.ಗ್ರಾಂ, ಉಳಿದವಕ್ಕೆ ಪರೀಕ್ಷೆಯ ಮದ್ದು. ಎಲ್ಲವೂ ಬಾಯಿಯ ಮೂಲಕ.

ಹಿಂಗಾಲಿನ ಹರಡಿನ ಹೊರಮೂಳೆಗೆ ಸರಿಯಾಗಿ ಶಾಯಿಯ ಗೆರೆ ಎಳೆದು, ಅಲ್ಲಿಯವರೆಗೆ ಮುಳುಗಿಸಿ, ಪಾದ ಸರಿಸಿದ ನೀರಿನಿಂದ ಅದರ ಗಾತ್ರ ಅಳೆಯುವ ಪ್ಲೆಥಿಸ್ಮೋಮೀಟರ್‌ನಲ್ಲಿ ಸೊನ್ನೆ ಗಂಟೆಯ, ಅಂದರೆ ಚುಚ್ಚುವ ಮುಂಚಿನ, ಅಳತೆ. ಗೆರೆ ಅಳಿಸುತ್ತಾ ಬಂದರೆ ತಕ್ಷಣ ತಿದ್ದಬೇಕು. ಒದ್ದೆ ಪಾದ ಪ್ರತಿಸಲ ಒಂದಿಷ್ಟು ನೀರು ಹೊತ್ತೊಯ್ಯುತ್ತದೆ, ಹಾಗಾಗಿ ಮಟ್ಟ ತುಂಬಿ ಮತ್ತೆ ಸೊನ್ನೆಗೆ ತರುವುದು ಕಡ್ಡಾಯ. ಇಲಿ ಕಾಲು ಜಾಡಿಸಿದಾಗ ಬಂದ ಅಂಕಿ ಬರೆದುಕೊಳ್ಳಬೇಡಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಅಳೆಯುವವರು ಕೊನೆವರೆಗೂ ಒಬ್ಬರೇ ಆಗಿರಲಿ, ಯಾವ ಇಲಿ ಯಾವ ಗುಂಪಿನದೆಂದು ಅವರಿಗೆ ಗೊತ್ತಿರಬಾರದು.

ಮದ್ದು ಕೊಟ್ಟ ಒಂದು ಗಂಟೆಗೆ ಅಂಗಾಲಿನ ಚರ್ಮದಡಿ ಕ್ಯಾರಜೀನನ್ ದ್ರಾವಣ 0.1 ಮಿ.ಲೀ. ಚುಚ್ಚುತ್ತೇವೆ, 26 ಗೇಜ್ ಸೂಜಿಯಲ್ಲಿ. ಗಾಳಿಗುಳ್ಳೆ ಇರಕೂಡದು. ಸೂಜಿಯನ್ನು ಸ್ವಲ್ಪ ಒಳಗೆ ಸಾಗಿಸಿ, ನಿಧಾನ ಒತ್ತಿ, ಕೆಲವು ಸೆಕೆಂಡು ತಡೆದು ಹೊರತೆಗೆದರೆ ದ್ರಾವಣ ಹಿಂದಕ್ಕೆ ಜಿನುಗುವುದಿಲ್ಲ. ಜಿನುಗಿದ ಇಲಿಯನ್ನು ಬಿಡಬೇಕೇ ಎಂಬ ನಿಯಮ ಮೊದಲೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ತೀರ್ಮಾನಿಸುವುದು ಮೋಸ. ಇಲಿಯಿಂದ ಇಲಿಗೆ ಎರಡು ನಿಮಿಷ ಅಂತರವಿಟ್ಟರೆ ಅಳತೆಯ ಹೊತ್ತಿಗೆ ಗಡಿಬಿಡಿಯಿಲ್ಲ.

ಚುಚ್ಚಿದ ಮೇಲೆ 1ರಿಂದ 5ನೇ ಗಂಟೆವರೆಗೆ ಪ್ರತಿ ಗಂಟೆ ಅಳೆಯುತ್ತೇವೆ. ಮೊದಲ ಹಂತದ ಬಾವಿಗೆ ಮೈಯಲ್ಲೇ ಬಿಡುಗಡೆಯಾಗುವ ಹಿಸ್ಟಮೀನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಕಾರಣ. ಆಮೇಲಿನದ್ದರಲ್ಲಿ ಪ್ರೊಸ್ಟಾಗ್ಲಾಂಡಿನ್‌ಗಳದೇ ಮೇಲುಗೈ. ಇಂಡೊಮೆಥಸಿನ್ ತಡೆಯುವುದು ಇವುಗಳ ತಯಾರಿಯನ್ನೇ. ಹಾಗಾಗಿ ಮೊದಲ ಗಂಟೆಯಲ್ಲಿ ಅದು ಮಂಕಾಗಿ ಕಂಡರೆ ಗಾಬರಿ ಬೇಡ, 3ನೇ ಗಂಟೆ ನೋಡಿ. ಸೊನ್ನೆ ಗಂಟೆಯ ಅಳತೆ ಕಳೆದು ಉಳಿದ ಹೆಚ್ಚಳವನ್ನೇ ಸಿಎಂಸಿ ಗುಂಪಿನದಕ್ಕೆ ಹೋಲಿಸಿ ಶೇಕಡಾವಾರು ಇಳಿಕೆ ಲೆಕ್ಕ ಹಾಕಬೇಕು. ಆ ಗುಂಪಿನಲ್ಲೇ ಬಾವು ಬಾರದಿದ್ದರೆ ಆ ದಿನದ ಅಂಕಿಗಳು ಕಸಕ್ಕೆ.

ಗಿಡದ ಸಾರವನ್ನು ಹೊಟ್ಟೆಯೊಳಗೆ ಚುಚ್ಚಿ 'ಬಾವು ಇಳಿಯಿತು' ಎನ್ನುವ ವರದಿಗಳನ್ನು ನಾನು ನಂಬುವುದು ಕಡಿಮೆ. ಸಾರವೇ ಹೊಟ್ಟೆಯ ಪೊರೆಯನ್ನು ಕೆರಳಿಸಿದರೂ ಪಾದದ ಬಾವು ಇಳಿಯುತ್ತದೆ.