ಆಗಸ್ಟ್‌ನ ಕಂತೆಯೊಳಗಿನ ಒಂದು ಪುಟ: ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಲೈಂಗಿಕ ಆರೋಗ್ಯದ ಪಾಠ

ಪ್ರತಿ ವರ್ಷವೂ ಫೆಬ್ರುವರಿ, ಮಾರ್ಚ್ ಬಂತೆಂದರೆ ಭಾನುವಾರದ ಕನ್ನಡ ತರಗತಿಯ ಹೊರಗೆ ಯಾರಾದರೊಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. "ಅಕ್ಕಾ, ಶಾಲೆಯಿಂದ ಒಂದು ಪತ್ರ ಬಂದಿದೆ, ಸ್ವಲ್ಪ ನೋಡುತ್ತೀರಾ?" ಎಂದು ದನಿ ತಗ್ಗಿಸಿ ಮೊಬೈಲ್ ಮುಂದೆ ಹಿಡಿಯುತ್ತಾರೆ. ಅಮೆರಿಕಕ್ಕೆ ಬಂದು ಆರು ತಿಂಗಳೂ ಆಗಿರುವುದಿಲ್ಲ. ಮಗು ಐದನೆಯ ತರಗತಿ, ಇಲ್ಲವೇ ಏಳನೆಯದು. ಪತ್ರ ಏನೆಂದು ತೆರೆಯುವ ಮೊದಲೇ ನನಗೆ ಗೊತ್ತಿರುತ್ತದೆ: ಮಗುವಿಗೆ ಲೈಂಗಿಕ ಆರೋಗ್ಯದ ಪಾಠ ಇದೆ ಎಂಬ ಸೂಚನೆ.

ಅವರ ಗಾಬರಿ ನನಗೆ ಹೊಸದಲ್ಲ. ನಮ್ಮ ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ಮೇಷ್ಟ್ರು ಎರಡು ಪುಟ ಮಗುಚಿ, "ಇದನ್ನು ನೀವೇ ಮನೆಯಲ್ಲಿ ಓದಿಕೊಳ್ಳಿ" ಎಂದಿದ್ದರು. ನಿಮ್ಮಲ್ಲಿ ಅನೇಕರಿಗೂ ಹಾಗೆಯೇ ಆಗಿದ್ದೀತು. ಕೇಂದ್ರ ಸರ್ಕಾರ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾಗಾಗಿ ಈ ಪಾಠ ಕ್ಲಾಸಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿಲ್ಲ. ಕಾಣದ್ದಕ್ಕೆ ಹೆದರಿಕೆ ಸಹಜ. ಅದಕ್ಕೇ ಈ ಬರಹ.

ಕಾನೂನು ಏನು ಹೇಳುತ್ತದೆ

ಈ ವಿಷಯದಲ್ಲಿ ಇಡೀ ಅಮೆರಿಕಕ್ಕೆ ಒಂದೇ ನಿಯಮವಿಲ್ಲ. ಶಾಲೆಯಲ್ಲಿ ಏನು ಕಲಿಸಬೇಕು ಎಂಬುದನ್ನು ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ತೀರ್ಮಾನಿಸಿರುವುದು 'ಕ್ಯಾಲಿಫೋರ್ನಿಯಾ ಹೆಲ್ದಿ ಯೂತ್ ಆಕ್ಟ್' ಎಂಬ ಕಾಯ್ದೆ. 2015ರಲ್ಲಿ ಅಂಗೀಕಾರವಾಗಿ, 2016ರ ಜನವರಿ 1ರಿಂದ ಜಾರಿಯಲ್ಲಿದೆ. ಶಾಸಕಾಂಗದಲ್ಲಿ ಅದರ ಹೆಸರು ಎಬಿ (ಅಸೆಂಬ್ಲಿ ಬಿಲ್) 329. ರಾಜ್ಯದ ಶಿಕ್ಷಣ ಸಂಹಿತೆಯ 51930ರಿಂದ 51939ರವರೆಗಿನ ಕಲಮುಗಳಲ್ಲಿ ಪೂರ್ತಿ ಪಠ್ಯ ಸಿಗುತ್ತದೆ. ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಶಾಲೆಗೆ ಮಿಂಚಂಚೆ ಬರೆಯುವಾಗ ಉಪಯೋಗಕ್ಕೆ ಬರುತ್ತವೆ.

ಏಳನೆಯ ತರಗತಿಯಿಂದ ಹನ್ನೆರಡನೆಯವರೆಗಿನ ಮಕ್ಕಳಿಗೆ ಮಿಡ್ಲ್ ಸ್ಕೂಲಿನಲ್ಲಿ ಒಮ್ಮೆಯಾದರೂ, ಹೈಸ್ಕೂಲಿನಲ್ಲಿ ಒಮ್ಮೆಯಾದರೂ ಈ ಪಾಠ ಆಗಲೇಬೇಕು. 2019–20ರಿಂದ ಚಾರ್ಟರ್ ಶಾಲೆಗಳಿಗೂ (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗಳು) ಇದೇ ನಿಯಮ. ಆರನೆಯ ತರಗತಿಯವರೆಗೆ ಕಡ್ಡಾಯವಿಲ್ಲ. ಆದರೂ ಹಲವು ಶಾಲೆಗಳು ಐದನೆಯ ತರಗತಿಯಲ್ಲೇ ಮೈಯ ಬೆಳವಣಿಗೆಯ ಬಗ್ಗೆ ಒಂದೆರಡು ಪಾಠ ಮಾಡುತ್ತವೆ: ಮುಟ್ಟು ಎಂದರೇನು, ಗಂಡುಮಕ್ಕಳ ದನಿ ಏಕೆ ಒಡೆಯುತ್ತದೆ, ಬೆವರಿನ ವಾಸನೆ ಏಕೆ, ಮೊಡವೆ ಏಕೆ. ಫೆಬ್ರುವರಿ, ಮಾರ್ಚ್‌ನಲ್ಲಿ ಬರುವ ಆ ಪತ್ರ ಹೆಚ್ಚಾಗಿ ಇದಕ್ಕೇ ಸಂಬಂಧಿಸಿದ್ದು.

ಏಳನೆಯ ತರಗತಿಯಿಂದ ಮುಂದಿನ ಪಾಠದ ಹರವು ದೊಡ್ಡದು. ಎಚ್‌ಐವಿ ಮತ್ತು ಲೈಂಗಿಕ ಸಂಪರ್ಕದಿಂದ ಹರಡುವ ಇತರ ಸೋಂಕುಗಳು, ಗರ್ಭಧಾರಣೆ, ಅಧಿಕೃತ ಮಾನ್ಯತೆ ಪಡೆದ ಎಲ್ಲ ಗರ್ಭನಿರೋಧಕ ವಿಧಾನಗಳು, ಒಳ್ಳೆಯ ಸಂಬಂಧ ಯಾವುದು, ಹಿಂಸೆಯ ಸಂಬಂಧ ಯಾವುದು, ಲೈಂಗಿಕ ದೌರ್ಜನ್ಯ, ಮಾನವ ಕಳ್ಳಸಾಗಣೆ, ಲಿಂಗತ್ವ ಹಾಗೂ ಲೈಂಗಿಕ ಒಲವುಗಳ ವೈವಿಧ್ಯ, ಇಷ್ಟೂ ಸೇರುತ್ತವೆ. 2024ರ ತಿದ್ದುಪಡಿಯಿಂದ ಮುಟ್ಟಿನ ಆರೋಗ್ಯವೂ ಸೇರಿದೆ. ಹೇಳುವುದೆಲ್ಲ ವೈದ್ಯಕೀಯವಾಗಿ ನಿಖರವಾಗಿರಬೇಕು, ಮಕ್ಕಳ ವಯಸ್ಸಿಗೆ ತಕ್ಕಂತಿರಬೇಕು. ಯಾವ ಧರ್ಮದ ಬೋಧನೆಯೂ ಅದರಲ್ಲಿ ಬರಕೂಡದು.

ನಮ್ಮವರಲ್ಲಿ ಹರಡಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಿದ್ದಬೇಕು. "ಮಕ್ಕಳಿಗೆ ಹೀಗೆ ಮಾಡಿ ಎಂದೇ ಹೇಳಿಕೊಡುತ್ತಾರಂತೆ" ಎಂದು ಎಷ್ಟೋ ಜನ ನಂಬಿದ್ದಾರೆ. ಕಾಯ್ದೆಯಲ್ಲಿ ಇರುವುದೇ ಬೇರೆ. ಸೋಂಕನ್ನೂ ಬೇಡದ ಗರ್ಭವನ್ನೂ ನೂರಕ್ಕೆ ನೂರು ತಡೆಯುವುದು ಲೈಂಗಿಕ ಸಂಪರ್ಕದಿಂದ ದೂರವಿರುವುದೊಂದೇ ಎಂದು ಮಕ್ಕಳಿಗೆ ತಿಳಿಸಲೇಬೇಕು ಎನ್ನುತ್ತದೆ ಅದು. ಜೊತೆಗೆ ಉಳಿದ ಮಾಹಿತಿಯನ್ನೂ ಮುಚ್ಚಿಡಬಾರದು ಎನ್ನುತ್ತದೆ. ಮೌಲ್ಯಗಳನ್ನು ಕಲಿಸುವ ಹೊಣೆ ಕೊನೆಗೂ ತಂದೆತಾಯಿಯದೇ ಎಂಬ ಮಾತೂ ಅದೇ ಕಾಯ್ದೆಯಲ್ಲಿ ಇದೆ.

ನಿಮ್ಮ ಕೈಯಲ್ಲಿರುವ ಹಕ್ಕು

ಶಾಲೆ ಶುರುವಾಗುವ ಆಗಸ್ಟ್‌ನಲ್ಲಿ ಹತ್ತಾರು ಪುಟಗಳ ಒಂದು ಕಂತೆ ಬರುತ್ತದೆ, ಈಗ ಹೆಚ್ಚಾಗಿ ಆನ್‌ಲೈನ್‌ನಲ್ಲಿ. ತುರ್ತು ಸಂಪರ್ಕದ ನಮೂನೆ, ಊಟದ ನಮೂನೆ, ಕಂಪ್ಯೂಟರ್ ಬಳಕೆಯ ನಿಯಮ, ಇವುಗಳ ನಡುವೆ ಪೋಷಕರ ಹಕ್ಕುಗಳ ವಾರ್ಷಿಕ ಸೂಚನೆ ಎಂಬುದೊಂದು. ಈ ಪಾಠದ ವಿವರ ಸಾಮಾನ್ಯವಾಗಿ ಅದರೊಳಗಿನ ಒಂದು ಪ್ಯಾರಾದಲ್ಲಿ ಇರುತ್ತದೆ. ಮೊದಲ ವರ್ಷ ನಾನು ಪೆಟ್ಟಿಗೆಗಳನ್ನು ಬಿಚ್ಚುವ ಗಡಿಬಿಡಿಯಲ್ಲಿ ಎಲ್ಲಕ್ಕೂ 'ಓದಿದ್ದೇನೆ' ಎಂದು ಒತ್ತಿ ಮುಗಿಸಿದ್ದೆ. ನೀವು ಹಾಗೆ ಮಾಡಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ನೀವು ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ. ನಿಮ್ಮ ಸಹಿಗಾಗಿ ಶಾಲೆ ಕಾಯುವುದಿಲ್ಲ. ಮಗುವನ್ನು ಪಾಠದಲ್ಲಿ ಕೂರಿಸುತ್ತದೆ. ಬೇಡವೆಂದರೆ ನೀವೇ ಬರೆದು ತಿಳಿಸಬೇಕು. ಪಕ್ಕದ ನೆವಾಡಾದಲ್ಲಿ ಇದು ತಿರುಗುಮುರುಗು: ಅಲ್ಲಿ ತಂದೆತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಕೆಲಸ ಬದಲಾಗಿ ಊರು ಬದಲಾಯಿಸುವವರು ಇದನ್ನು ನೆನಪಿಡಿ. ಇಲ್ಲಿಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಬೇಡವೆಂದು ಹೇಳಲು ನಮೂನೆ ಹುಡುಕುತ್ತಾ ಕೂರಬೇಕಿಲ್ಲ. ಮಗುವಿನ ಹೆಸರು, ತರಗತಿ, ಶಿಕ್ಷಕರ ಹೆಸರು, ಯಾವ ಪಾಠದಿಂದ ಬಿಡುವು ಬೇಕು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು. ಕಾರಣ ಹೇಳುವ ಅಗತ್ಯವಿಲ್ಲ. ಎಲ್ಲ ಪಾಠಗಳಿಂದಲೂ ಬಿಡಿಸಬಹುದು, ಒಂದು ಭಾಗದಿಂದ ಮಾತ್ರವೂ ಬಿಡಿಸಬಹುದು. ಈ ಎರಡನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹೀಗೆ ಬಿಡುವು ಪಡೆದ ಮಗುವಿಗೆ ಶಿಕ್ಷೆಯಾಗಲಿ, ಅಂಕದಲ್ಲಿ ಕಡಿತವಾಗಲಿ ಆಗುವಂತಿಲ್ಲ; ಆ ಹೊತ್ತಿಗೆ ಬೇರೆ ಕೆಲಸ ಕೊಡಬೇಕು.

ಆದರೆ ಈ ಹಕ್ಕಿಗೂ ಎಲ್ಲೆಯಿದೆ. ವಿಜ್ಞಾನ ಪುಸ್ತಕದಲ್ಲಿ ಬರುವ ಜನನಾಂಗಗಳ ಚಿತ್ರ ಮತ್ತು ವಿವರಣೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಲಿಂಗತ್ವ, ಕುಟುಂಬ, ಸಂಬಂಧ, ತಾರತಮ್ಯ, ಪೀಡನೆ ಇವುಗಳ ಬಗೆಗಿನ ಪಾಠದಲ್ಲಿ ಜನನಾಂಗಗಳ ಪ್ರಸ್ತಾಪ ಇಲ್ಲದಿದ್ದರೆ ಅದಕ್ಕೂ ಈ ಕಾಯ್ದೆಯ ಬಿಡುವು ಅನ್ವಯಿಸುವುದಿಲ್ಲ. ಇಬ್ಬರು ಅಪ್ಪಂದಿರಿರುವ ಮನೆಯ ಕಥೆ ಓದಿದರೆಂದು ಈ ಕಾಯ್ದೆಯನ್ನು ಹಿಡಿದು ದೂರಲು ಆಗದು. ಧಾರ್ಮಿಕ ನಂಬಿಕೆಯ ಕಾರಣ ಮುಂದಿಟ್ಟು ಕೇಳುವುದಾದರೆ ಮಾತು ಬೇರೆ. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಪೋಷಕರು ಹೂಡಿದ್ದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ 27ರಂದು 6–3 ಬಹುಮತದಿಂದ ಅವರ ಪರ ಆದೇಶ ನೀಡಿತು. ದಾವೆ ಮುಗಿಯುವವರೆಗೆ ಅಂಥ ಕಥೆಪುಸ್ತಕ ಓದಿಸುವ ಮೊದಲು ಅವರಿಗೆ ತಿಳಿಸಬೇಕು, ಮಕ್ಕಳನ್ನು ಹೊರಗಿಡಲು ಬಿಡಬೇಕು ಎಂದಿತು. ಆ ದಾರಿ ಹಿಡಿಯಬೇಕೆನ್ನುವವರು ಮೊದಲು ನಿಮ್ಮ ಶಾಲಾ ಜಿಲ್ಲೆಯ (ನಿಮ್ಮ ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತ) ಈಗಿನ ನಿಯಮ ಏನೆಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಹೊರಗಿನ ಸಂಸ್ಥೆಯವರು ಬಂದು ಪಾಠ ಮಾಡುವುದಾದರೆ, ಪಾಠದ ದಿನಾಂಕ ಮತ್ತು ಸಂಸ್ಥೆಯ ಹೆಸರು ನಿಮಗೆ ತಿಳಿಯಬೇಕು. ಅದನ್ನು ವರ್ಷದ ಆರಂಭದಲ್ಲೇ ತಿಳಿಸಿರದಿದ್ದರೆ ಪಾಠಕ್ಕೆ ಕನಿಷ್ಠ 14 ದಿನ ಮೊದಲು ತಿಳಿಸಬೇಕು. ಶಾಲೆ ನಡೆಸುವ ಅನಾಮಧೇಯ ಆರೋಗ್ಯ ಸಮೀಕ್ಷೆಗಳ ವಿಷಯದಲ್ಲಿ, ಏಳನೆಯ ತರಗತಿಯಿಂದ ಮೇಲೆ ನೀವು ಬೇಡವೆನ್ನದಿದ್ದರೆ ಒಪ್ಪಿದಂತೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ನಿಮ್ಮ ಲಿಖಿತ ಅನುಮತಿ ಬೇಕು.

ಮೊದಲು ನೋಡಿ, ಆಮೇಲೆ ಬರೆಯಿರಿ

ಪಾಠದ ಪುಸ್ತಕ, ಚಿತ್ರ, ವಿಡಿಯೊ ಎಲ್ಲವನ್ನೂ ಮುಂಚಿತವಾಗಿ ನೋಡುವ ಹಕ್ಕು ನಿಮಗಿದೆ. ನನ್ನ ದೃಷ್ಟಿಯಲ್ಲಿ ಕಾಯ್ದೆ ಕೊಟ್ಟಿರುವ ಅತಿ ದೊಡ್ಡ ಹಕ್ಕು ಇದೇ. ಅತಿ ಕಡಿಮೆ ಬಳಕೆಯಾಗುವುದೂ ಇದೇ.

ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಗ ಬೇಡವೆಂಬ ಪತ್ರ ಬರೆದು ಚೀಲದಲ್ಲಿಟ್ಟುಕೊಂಡೇ ನಾನು ಶಾಲೆಗೆ ಹೋಗಿದ್ದೆ. ಕಚೇರಿಯ ಮೂಲೆಯ ಮೇಜಿನ ಮೇಲೆ ದಪ್ಪ ಬೈಂಡರ್ ತಂದಿಟ್ಟು ಹೋದರು. ಹಾಳೆ ಮಗುಚುತ್ತಾ ಹೋದೆ. ಅಂಗರಚನೆಯ ಚಿತ್ರಗಳು, ಸೋಂಕುಗಳ ಪಟ್ಟಿ. ಮಧ್ಯದಲ್ಲಿ ಒಂದು ಅಭ್ಯಾಸದ ಹಾಳೆ: ಪರಿಚಯದ ಹುಡುಗನೊಬ್ಬ ನಿನ್ನ ಫೋಟೊ ಕಳಿಸು ಎಂದು ಮೊಬೈಲ್‌ನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾನೆ, ಆಗುವುದಿಲ್ಲ ಎನ್ನಲು ಮೂರು ರೀತಿ ಬರೆಯಿರಿ. ಕೆಳಗೆ ಮೂರು ಖಾಲಿ ಗೆರೆ. ಕಾಲೇಜಿಗೆ ಹೋಗುವಾಗ ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಕೈ ತಾಗಿದಾಗಲೆಲ್ಲ ಪುಸ್ತಕದ ಚೀಲವನ್ನು ಎದೆಗವಚಿ, ಬಾಯಿ ಬಿಡದೆ ನಿಂತಿದ್ದು ನೆನಪಾಯಿತು. ಆ ಮೂರು ಗೆರೆ ತುಂಬುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಪತ್ರವನ್ನು ಚೀಲದಿಂದ ತೆಗೆಯದೆಯೇ ಮನೆಗೆ ಬಂದೆ.

ಹಾಗಾಗಿ ನನ್ನ ಸಲಹೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಮಕ್ಕಳನ್ನು ಪಾಠದಲ್ಲಿ ಕೂರಿಸಿ. ಹೊರಗೆ ಉಳಿದ ಮಗು ಅದೇ ವಿಷಯವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಗೆಳೆಯರಿಂದ ಅರ್ಧಂಬರ್ಧ ಕೇಳುತ್ತದೆ, ರಾತ್ರಿ ಮೊಬೈಲ್‌ನಲ್ಲಿ ಹುಡುಕುತ್ತದೆ. ಹಾಗಿದ್ದೂ ಬೈಂಡರ್ ನೋಡಿದ ಮೇಲೆ ನಿಮ್ಮ ಮನಸ್ಸು ಒಪ್ಪದಿದ್ದರೆ ಬರೆದು ಬಿಡಿಸಿ. ಹಕ್ಕು ನಿಮ್ಮದು, ನಮ್ಮ ಕನ್ನಡ ಕೂಟದಲ್ಲಿ ಯಾರೂ ನಿಮ್ಮನ್ನು ಪ್ರಶ್ನಿಸುವುದಿಲ್ಲ.

ಪತ್ರ ಕನ್ನಡದಲ್ಲಿ ಬರುವುದಿಲ್ಲವೇಕೆ ಎಂದು ಹಿರಿಯರೊಬ್ಬರು ಕೇಳಿದ್ದರು. ಒಂದು ಶಾಲೆಯ ಶೇ 15ರಷ್ಟು ಅಥವಾ ಹೆಚ್ಚು ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಮಾತ್ರ ಆ ಭಾಷೆಯಲ್ಲಿ ಸೂಚನೆ ಕೊಡುವುದು ರಾಜ್ಯದ ಕಾನೂನಿನಲ್ಲಿ ಕಡ್ಡಾಯ. ಕನ್ನಡದ ಮಕ್ಕಳು ಎಷ್ಟೇ ಇರಲಿ, ಹಲವು ಶಾಲೆಗಳಲ್ಲಿ ಹರಿದು ಹಂಚಿಹೋಗಿದ್ದಾರೆ.

ಪೋಷಕರು ಬೆಚ್ಚಿಬೀಳುವ ಎರಡು ಸಂಗತಿ

ಹನ್ನೆರಡು ವರ್ಷ ತುಂಬಿದ ಮಗು ಲೈಂಗಿಕ ಸೋಂಕಿನ ಪರೀಕ್ಷೆ, ಚಿಕಿತ್ಸೆಗಳಿಗೆ ತಾನೇ ಒಪ್ಪಿಗೆ ಕೊಡಬಹುದು. ಏಳನೆಯ ತರಗತಿಯಿಂದ ಮೇಲಿನ ಮಕ್ಕಳನ್ನು ಗೌಪ್ಯ ವೈದ್ಯಕೀಯ ಸೇವೆಗಾಗಿ ಪೋಷಕರ ಒಪ್ಪಿಗೆ ಇಲ್ಲದೆಯೇ ಶಾಲೆ ಕಳಿಸಬಹುದು ಎಂಬ ಸಾಲೂ ಆಗಸ್ಟ್‌ನ ಕಂತೆಯಲ್ಲೇ ಇರುತ್ತದೆ. ಓದಿ ಎದೆ ಧಸಕ್ಕೆನ್ನುವುದು ನಿಜ. ಮನೆಯಲ್ಲಿ ಬಾಯಿ ಬಿಡಲಾಗದ ಮಗುವೂ ವೈದ್ಯರ ಹತ್ತಿರ ಹೋಗುವಂತಿರಲಿ ಎಂಬುದು ಈ ಕಾನೂನಿನ ಉದ್ದೇಶ. ನಿಮ್ಮ ಮಗು ಮೊದಲು ನಿಮ್ಮ ಬಳಿಗೇ ಬರಬೇಕೆಂದರೆ, ಬಂದ ದಿನ ಬೈಯುವುದಿಲ್ಲ ಎಂಬ ನಂಬಿಕೆ ಅದಕ್ಕೆ ಇವತ್ತೇ ಇರಬೇಕು.

ಇನ್ನೊಂದು: ಇಲ್ಲಿಯ ಶಿಕ್ಷಕರಿಗೆ, ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂಬ ಅನುಮಾನಕ್ಕೆ ಕಾರಣ ಕಂಡರೆ, ಅಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕರ್ತವ್ಯ. ಈ ಪಾಠದ ನಂತರ ಮಗು ಏನಾದರೂ ಹೇಳಿಕೊಂಡರೆ ಶಿಕ್ಷಕರು ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಅವರ ಹಗೆತನ ಎಂದು ತಿಳಿಯಬೇಡಿ.

ಮನೆಯ ಮಾತು

ನಾನು ಚಿಕ್ಕವಳಿದ್ದಾಗ "ಅಮ್ಮನಿಗೆ ಕಾಗೆ ಮುಟ್ಟಿದೆ, ಹತ್ತಿರ ಹೋಗಬೇಡ" ಎಂದು ಅಜ್ಜಿ ಹೇಳಿದರೆ ಅಂಗಳಕ್ಕೆ ಓಡಿ ಆ ಕಾಗೆಯನ್ನು ಹುಡುಕುತ್ತಿದ್ದೆ. ನಮ್ಮ ಮಕ್ಕಳಿಗೆ ಕಾಗೆಯ ಕಥೆ ಬೇಡ. ಮುಟ್ಟು, ಗರ್ಭಕೋಶ, ವೀರ್ಯ, ಹರೆಯ ಎಂಬ ನೇರ ಪದಗಳು ನಮ್ಮಲ್ಲಿವೆ. ಪಾಠದ ಹಿಂದಿನ ವಾರ ಒಂದು ಸಂಜೆ ಅವನ್ನು ಬಾಯಿಬಿಟ್ಟು ಹೇಳಿ. ಕೂರಿಸಿ ಭಾಷಣ ಮಾಡುವುದಕ್ಕಿಂತ ಕಾರಿನಲ್ಲಿ ಹೋಗುವಾಗಲೋ ಪಾತ್ರೆ ಒರೆಸುವಾಗಲೋ ಹೇಳುವುದು ಸುಲಭ. ಮುಖ ನೋಡುವ ಮುಜುಗರ ಇಬ್ಬರಿಗೂ ಇರುವುದಿಲ್ಲ. ಗಂಡುಮಕ್ಕಳಿಗೂ ಮುಟ್ಟಿನ ವಿಷಯ ಹೇಳಿ. ಅಪ್ಪಂದಿರೂ ಹೇಳಿ. ಮೂರನೆಯ ತರಗತಿಯಿಂದ ಮೇಲಿನ ಶಾಲೆಗಳ ಶೌಚಾಲಯಗಳಲ್ಲಿ ಪ್ಯಾಡ್‌ಗಳನ್ನು ಉಚಿತವಾಗಿ ಇಡಬೇಕೆಂಬ ಕಾನೂನು ಇಲ್ಲಿದೆ ಎಂಬುದನ್ನು ಹೆಣ್ಣುಮಕ್ಕಳಿಗೆ ತಪ್ಪದೆ ತಿಳಿಸಿ. ಊರಿನಿಂದ ಬಂದಿರುವ ಅಜ್ಜಿ, ತಾತ ಮನೆಯಲ್ಲಿದ್ದರೆ ಅವರಿಗೂ ಪತ್ರದ ಅರ್ಥವನ್ನು ಮೊದಲೇ ಹೇಳಿಬಿಡಿ. ಮಗು ಶಾಲೆಯಿಂದ ಬಂದು ಊಟಕ್ಕೆ ಕೂತಾಗ ಪ್ರಶ್ನೆ ಕೇಳುವುದು ಅವರನ್ನೇ.

ನವೆಂಬರ್‌ನಲ್ಲೋ ಜನವರಿಯಲ್ಲೋ ಬಂದಿಳಿದವರಿಗೆ ಆಗಸ್ಟ್‌ನ ಕಂತೆ ಸಿಕ್ಕಿರುವುದಿಲ್ಲ. ನಡುವೆ ಸೇರಿದ ಮಕ್ಕಳ ಪೋಷಕರಿಗೆ ಸೇರ್ಪಡೆಯ ಹೊತ್ತಿನಲ್ಲೇ ಈ ಸೂಚನೆ ಕೊಡಬೇಕು. ಕೊಟ್ಟಿರದಿದ್ದರೆ ಶಾಲೆಯ ಕಚೇರಿಗೆ ಈ ವಾರವೇ ಬರೆಯಿರಿ: ನನ್ನ ಮಗುವಿಗೆ ಈ ಪಾಠ ಯಾವ ತಿಂಗಳು, ಕಲಿಸುವವರು ಯಾರು, ಪಠ್ಯವನ್ನು ನಾನು ಎಲ್ಲಿ ನೋಡಬಹುದು? ಉತ್ತರ ಬಂದ ಮೇಲೆ ಅರ್ಥವಾಗದಿದ್ದರೆ ಪತ್ರ ಹಿಡಿದು ಭಾನುವಾರ ಕನ್ನಡ ತರಗತಿಗೆ ಬನ್ನಿ. ಮಕ್ಕಳು ಒಳಗೆ ಕಾಗುಣಿತ ಬರೆಯುವಷ್ಟರಲ್ಲಿ ಹೊರಗಿನ ಬೆಂಚಿನ ಮೇಲೆ ಕೂತು ಸಾಲು ಸಾಲಾಗಿ ಓದೋಣ.